ಕಾದಂಬರಿಯಿಂದ ಬೆಳ್ಳಿತೆರೆಗೆ: ಪುಟ್ಟಣ್ಣ ಕಣಗಾಲರ ಬಾಳು

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕಣಗಾಲು ಎಂಬ ಪುಟ್ಟ ಗ್ರಾಮವಿದೆ. 1933ರ ಡಿಸೆಂಬರ್ 1ರಂದು ಅಲ್ಲಿಯ ಒಂದು ಬಡ ಕುಟುಂಬದಲ್ಲಿ ಹುಟ್ಟಿದ ಹುಡುಗನೊಬ್ಬ ಮುಂದೆ ಕನ್ನಡ ಚಲನಚಿತ್ರದ ದಿಕ್ಕನ್ನೇ ಬದಲಿಸಿದ. ನಾಡಿನ ಜನ ಆತನಿಗೆ ಚಿತ್ರಬ್ರಹ್ಮ ಎಂಬ ಬಿರುದನ್ನಿತ್ತರು. ಅವರೇ ಎಸ್. ಆರ್. ಪುಟ್ಟಣ್ಣ ಕಣಗಾಲ್.

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸೀಮೆಯ ಕನ್ನಡ ಶಾಲೆಗಳ ಮಕ್ಕಳು ಅಷ್ಟು ದೂರದ ಮೈಸೂರು ಸೀಮೆಯವರೊಬ್ಬರ ಕಥೆಯನ್ನು ಏಕೆ ಓದಬೇಕು? ಇದಕ್ಕೊಂದು ಕಾರಣವಿದೆ. ಮುಂದೆ ಏನಾಗುವಿರಿ ಎಂದು ತರಗತಿಯಲ್ಲಿ ಕೇಳಿದರೆ, ಹಿಂದೆಲ್ಲ ಡಾಕ್ಟರು, ಇಂಜಿನಿಯರು, ಪೊಲೀಸು ಎನ್ನುತ್ತಿದ್ದ ಮಕ್ಕಳು ಈಗ ನಟ, ನಟಿ, ಡೈರೆಕ್ಟರು ಎಂದೂ ಹೇಳತೊಡಗಿದ್ದಾರೆ. ಕೈಗೊಂದು ಮೊಬೈಲ್ ಸಿಕ್ಕರೆ ಸಾಕು, ಅರ್ಧ ನಿಮಿಷದ ಚಿತ್ರ ತೆಗೆದು ಗೆಳೆಯರಿಗೆಲ್ಲ ತೋರಿಸಿ ಹಿಗ್ಗುತ್ತಾರೆ. ಇದನ್ನು ಕಂಡು ತಂದೆತಾಯಿಗಳಿಗೆ ಚಿಂತೆ. ಸಿನಿಮಾದ ಹುಚ್ಚಿನಲ್ಲಿ ಮಗ ಹಾಳಾಗುವನೇ, ಮಗಳು ದಾರಿ ತಪ್ಪುವಳೇ ಎಂಬ ಅಂಜಿಕೆ. ಮಕ್ಕಳ ಆಸೆಯನ್ನು ಗದರಿಸಿ ಬಾಯಿ ಮುಚ್ಚಿಸುವುದು ತರವಲ್ಲ. ಓದು ಬಿಟ್ಟು ಹೈದರಾಬಾದಿನ ಬಸ್ಸು ಹತ್ತಲು ಬಿಡುವುದೂ ತರವಲ್ಲ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು ಪುಸ್ತಕದ ದಾರಿ. ಪುಟ್ಟಣ್ಣನವರು ನಡೆದದ್ದು ಅದೇ ದಾರಿ.

ಪುಟ್ಟಣ್ಣನವರ ಎಳೆತನ ಕಷ್ಟದಲ್ಲಿ ಕಳೆಯಿತು. ಹೊಟ್ಟೆಪಾಡಿಗಾಗಿ ಅವರು ಉಪಾಧ್ಯಾಯರಾಗಿ, ಮಾರಾಟಗಾರರಾಗಿ, ಕ್ಲೀನರ್ ಆಗಿ ಹಲವು ಕೆಲಸಗಳನ್ನು ಮಾಡಿದರು. ಕೆಲಸ ಯಾವುದಾದರೂ ಮನಸ್ಸು ನಾಟಕದತ್ತ, ಕಥೆಯತ್ತ ಹರಿಯುತ್ತಿತ್ತು. ಅವರ ಸೋದರ ಕಣಗಾಲ್ ಪ್ರಭಾಕರ ಶಾಸ್ತ್ರಿಗಳೂ ಚಿತ್ರರಂಗದಲ್ಲಿ ಗೀತರಚನೆಕಾರರಾಗಿ ಹೆಸರು ಪಡೆದವರು. 1950ರ ದಶಕದ ಕೊನೆಯ ಭಾಗದಲ್ಲಿ ಪುಟ್ಟಣ್ಣನವರು ಹೆಸರಾಂತ ನಿರ್ದೇಶಕ ಬಿ. ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಸೇರಿದರು. ಪಂತುಲು ಅವರು ರಂಗಭೂಮಿಯ ಹಿನ್ನೆಲೆಯವರು. 1936ರ ಸಂಸಾರ ನೌಕೆ ಚಿತ್ರದಿಂದ ತೆರೆಗೆ ಬಂದವರು. ಕನ್ನಡದಲ್ಲೂ ತಮಿಳಿನಲ್ಲೂ ದೊಡ್ಡ ದೊಡ್ಡ ಚಿತ್ರಗಳನ್ನು ಮಾಡಿದವರು. ಇಂಥವರ ಕೈಕೆಳಗೆ ಪುಟ್ಟಣ್ಣನವರು ವರ್ಷಗಟ್ಟಲೆ ದುಡಿದರು. ಇದನ್ನು ಮಕ್ಕಳು ಗಮನಿಸಬೇಕು. ಅವರು ಒಂದೇ ದಿನದಲ್ಲಿ ನಿರ್ದೇಶಕರಾಗಲಿಲ್ಲ. ಗುರುವಿನ ಹಿಂದೆ ನಿಂತು, ಹೇಳಿದ ಕೆಲಸ ಮಾಡುತ್ತ, ಕಣ್ಣಿಟ್ಟು ನೋಡುತ್ತ ಕಲಿತರು.

ಅವರು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ ಕನ್ನಡದ್ದಲ್ಲ, ಮಲಯಾಳದ್ದು. ಪಂತುಲು ಅವರ ಸ್ಕೂಲ್ ಮಾಸ್ಟರ್ ಚಿತ್ರವನ್ನು 1964ರಲ್ಲಿ ಅವರು ಮಲಯಾಳದಲ್ಲಿ ನಿರ್ದೇಶಿಸಿದರು. ಬಳಿಕ 1966ರಲ್ಲಿ ಪೂಚಕ್ಕಣ್ಣಿ ಎಂಬ ಮಲಯಾಳ ಚಿತ್ರವನ್ನು ತೆಗೆದರು. ಅದರ ಮೂಲ ಯಾವುದು ಗೊತ್ತೇ? ನಮ್ಮ ತ್ರಿವೇಣಿಯವರ ಬೆಕ್ಕಿನ ಕಣ್ಣು ಕಾದಂಬರಿ. ಪರಭಾಷೆಯಲ್ಲಿ ಕೆಲಸ ಮಾಡುವಾಗಲೂ ಅವರ ಕೈಯಲ್ಲಿ ಕನ್ನಡದ ಪುಸ್ತಕವಿತ್ತು. ಓದುವ ಚಟ ಇಲ್ಲದವರಿಗೆ ಇಂಥ ಕಥೆ ಸಿಗುವುದು ಹೇಗೆ?

ಕನ್ನಡದಲ್ಲಿ ಅವರ ಮೊದಲ ಚಿತ್ರ 1967ರ ಬೆಳ್ಳಿಮೋಡ. ಇದೂ ತ್ರಿವೇಣಿಯವರ ಕಾದಂಬರಿಯೇ. ಎಸ್ಟೇಟಿನ ಒಡೆಯನ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲಿರುವ ಮೋಹನ ಆಕೆಯ ತಂದೆಯ ಹಣದಿಂದ ವಿದೇಶಕ್ಕೆ ಹೋಗಿ ಓದುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಒಂದು ಗಂಡುಮಗು ಹುಟ್ಟುತ್ತದೆ. ಆಸ್ತಿಯೆಲ್ಲ ಇಂದಿರೆಯ ಪಾಲಿಗೆ ಬರುವುದಿಲ್ಲವೆಂದು ತಿಳಿದಾಗ ಮೋಹನನ ಪ್ರೀತಿ ಬೆಳ್ಳಿಮೋಡದಂತೆ ಕರಗುತ್ತದೆ. ಮುಂದೆ ಅವನು ಅಪಘಾತಕ್ಕೆ ಸಿಲುಕಿದಾಗ ಅವಳೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ. ಆದರೆ ಈ ಸಲ ಬೇಡ ಎನ್ನುವವಳು ಅವಳು. ಕಲ್ಪನಾ ಆ ಪಾತ್ರದಿಂದ ಮನೆಮಾತಾದರು. ಸ್ಟುಡಿಯೋದ ಬಣ್ಣದ ಪರದೆಗಳಿಂದ ಹೊರಬಂದು ಮಲೆನಾಡಿನ ಬೆಟ್ಟದ ಮಂಜಿನಲ್ಲಿ ಕಥೆ ಹೇಳಿದ ಆ ಚಿತ್ರದಲ್ಲಿ ದ. ರಾ. ಬೇಂದ್ರೆಯವರ ಕವಿತೆಯನ್ನೂ ಪುಟ್ಟಣ್ಣನವರು ಹಾಡಾಗಿ ಬಳಸಿದರು. ಪಠ್ಯಪುಸ್ತಕದಲ್ಲಿ ಬಾಯಿಪಾಠಕ್ಕೆಂದು ಓದುವ ಕವಿತೆ ಜನರ ಬಾಯಲ್ಲಿ ನಲಿಯುವ ಹಾಡೂ ಆಗಬಲ್ಲುದೆಂದು ಆಗ ನಾಡಿಗೆ ತಿಳಿಯಿತು.

ಕಾದಂಬರಿಯನ್ನು ಚಿತ್ರ ಮಾಡುವುದೆಂದರೆ ಪುಸ್ತಕದ ಮಾತನ್ನು ನಟರ ಬಾಯಲ್ಲಿ ಹೇಳಿಸುವುದಲ್ಲ. ಲೇಖಕಿ ಒಂದು ವಾಕ್ಯದಲ್ಲಿ, ತನ್ನ ಮನೆಯಲ್ಲೇ ತಾನು ಪರಕೀಯಳೆಂದು ಅವಳಿಗೆ ಅನ್ನಿಸಿತು ಎಂದು ಬರೆದುಬಿಡಬಹುದು. ಆದರೆ ಅನ್ನಿಸಿದ್ದನ್ನು ಕ್ಯಾಮರಾ ಹಿಡಿಯಲಾರದು. ಕಂಡದ್ದನ್ನು ಮಾತ್ರ ಹಿಡಿಯಬಲ್ಲುದು. ಹಾಗಾಗಿ ನಿರ್ದೇಶಕ ಒಂದು ದೃಶ್ಯವನ್ನು ಕಲ್ಪಿಸಬೇಕು. ಅವಳು ಅಡುಗೆಮನೆಗೆ ಬಂದು ತರಕಾರಿ ಹೆಚ್ಚಲು ಕುಳಿತಳೆನ್ನಿ. ಅಡುಗೆಯಾಕೆ ಮಾತಿಲ್ಲದೆ ಈಳಿಗೆಮಣೆಯನ್ನು ಅವಳ ಮುಂದಿನಿಂದ ಸರಿಸಿ ಒಳಗಿಟ್ಟಳೆನ್ನಿ. ಅಷ್ಟೇ ಸಾಕು, ನೋಡುವವರಿಗೆ ಎಲ್ಲವೂ ತಿಳಿಯುತ್ತದೆ. ಹೀಗೆ ಮನಸ್ಸಿನ ಮಾತನ್ನು ಕಣ್ಣಿಗೆ ಕಾಣಿಸುವ ಕ್ರಮವೇ ಚಿತ್ರಕಥೆ. ಇದು ಪುಟ್ಟಣ್ಣನವರಿಗೆ ಕರಗತವಾಗಿತ್ತು.

1969ರಲ್ಲಿ ತೆರೆಕಂಡ ಗೆಜ್ಜೆಪೂಜೆ ಇದಕ್ಕೆ ಸಾಕ್ಷಿ. ಅದು ಎಂ. ಕೆ. ಇಂದಿರಾ ಅವರ ಕಾದಂಬರಿ. ಇಂದಿರಾ ಅವರ ಬಾಳನ್ನೂ ನಮ್ಮ ಹೆಣ್ಣುಮಕ್ಕಳು ತಿಳಿಯಬೇಕು. 1917ರಲ್ಲಿ ತೀರ್ಥಹಳ್ಳಿಯ ಕಡೆ ಹುಟ್ಟಿದ ಅವರಿಗೆ ಹನ್ನೆರಡನೆಯ ವಯಸ್ಸಿನಲ್ಲೇ ಮದುವೆಯಾಯಿತು, ಶಾಲೆ ನಿಂತಿತು. ಆದರೆ ಓದು ನಿಲ್ಲಲಿಲ್ಲ. ಅವರ ಮೊದಲ ಕಾದಂಬರಿ ತುಂಗಭದ್ರ ಹೊರಬಂದದ್ದು 1963ರಲ್ಲಿ, ಅಂದರೆ ಅವರ ನಲವತ್ತಾರರ ಸುಮಾರಿನಲ್ಲಿ. ಗೆಜ್ಜೆಪೂಜೆಯ ಚಂದ್ರಾ ದೇವದಾಸಿ ಪದ್ಧತಿಯ ಮನೆಯಲ್ಲಿ ಹುಟ್ಟಿದ ಹುಡುಗಿ. ಓದಬೇಕು, ಎಲ್ಲರಂತೆ ಮದುವೆಯಾಗಿ ಮರ್ಯಾದೆಯಿಂದ ಬಾಳಬೇಕು ಎಂಬುದು ಅವಳ ಆಸೆ. ಹುಟ್ಟಿದ ಮನೆಯ ಹೆಸರು ಅವಳನ್ನು ಬಿಡುವುದಿಲ್ಲ. ಕಥೆ ದುರಂತದಲ್ಲಿ ಮುಗಿಯುತ್ತದೆ. ಈ ಚಿತ್ರದ ಚಿತ್ರಕಥೆಗಾಗಿ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ದೊರೆಯಿತು. ಶಾಲೆ ಬಿಡಿಸಲ್ಪಟ್ಟ ಹೆಣ್ಣುಮಗಳೊಬ್ಬಳು ಬರೆದ ಕಥೆ ದಿಲ್ಲಿಯವರೆಗೆ ಹೋಯಿತು.

1971ರ ಶರಪಂಜರ ಮತ್ತೆ ತ್ರಿವೇಣಿಯವರದು. ತ್ರಿವೇಣಿ ಎಂಬುದು ಅನಸೂಯಾ ಶಂಕರ್ ಅವರ ಕಾವ್ಯನಾಮ. 1928ರಲ್ಲಿ ಹುಟ್ಟಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಅವರು ಕಾಲವಾದರು. ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗೆಗೆ ಅಷ್ಟು ಮರುಕದಿಂದ ಬರೆದವರು ಅವರಿಗಿಂತ ಮುಂಚೆ ವಿರಳ. ತಮ್ಮ ಕಾದಂಬರಿಗಳು ತೆರೆಯ ಮೇಲೆ ಬಂದದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಶರಪಂಜರದ ಕಾವೇರಿ ಬಾಣಂತನದ ಬಳಿಕ ಮಾನಸಿಕ ಅಸ್ವಸ್ಥತೆಗೆ ಒಳಗಾಗುತ್ತಾಳೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ನೆರೆಹೊರೆಯವರ ಕಣ್ಣಿಗೆ ಅವಳು ಇನ್ನೂ ಹುಚ್ಚಿಯೇ. ಗಂಡನೂ ದೂರವಾಗುತ್ತಾನೆ. ಕಾಯಿಲೆ ಕೊಲ್ಲದವಳನ್ನು ಜನರ ನೋಟ ಕೊಲ್ಲುತ್ತದೆ. ಈ ಚಿತ್ರ ನೋಡಿದ ಮೇಲೆ, ಕಾಯಿಲೆಯಿಂದ ಎದ್ದು ಬಂದವರನ್ನು ಹುಚ್ಚರೆಂದು ಕರೆಯುವ ಮುನ್ನ ಎಷ್ಟೋ ಜನ ಎರಡು ಸಲ ಯೋಚಿಸಿರಬೇಕು. ಒಳ್ಳೆಯ ಪುಸ್ತಕ, ಒಳ್ಳೆಯ ಚಿತ್ರ ಮಾಡುವ ಕೆಲಸ ಇದು.

ಇನ್ನು ನಾಗರಹಾವು. ಚಿತ್ರದುರ್ಗದ ಇತಿಹಾಸವನ್ನು ಕಾದಂಬರಿಗಳಲ್ಲಿ ಜೀವಂತಗೊಳಿಸಿದ ತ. ರಾ. ಸುಬ್ಬರಾಯರು ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ ಎಂಬ ಮೂರು ಕಾದಂಬರಿಗಳಲ್ಲಿ ಹೇಳಿದ ಕಥೆಯನ್ನು ಪುಟ್ಟಣ್ಣನವರು 1972ರಲ್ಲಿ ಒಂದೇ ಚಿತ್ರಕ್ಕೆ ಇಳಿಸಿದರು. ಸಂಪತ್ ಕುಮಾರ್ ಎಂಬ ತರುಣ ಇದರ ರಾಮಾಚಾರಿಯಾಗಿ, ವಿಷ್ಣುವರ್ಧನ್ ಎಂಬ ಹೊಸ ಹೆಸರು ಪಡೆದು ನಾಯಕನಟರಾದರು. ಅಂಬರೀಶ್ ಅವರು ಮೊದಲ ಸಲ ತೆರೆಗೆ ಬಂದದ್ದೂ ಇದರಲ್ಲಿಯೇ. ಕೆ. ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರನ್ನು ಇಂದಿಗೂ ಕನ್ನಡಿಗರು ಮರೆತಿಲ್ಲ.

ಉಪಾಧ್ಯಾಯನಾದವನಿಗೆ ಈ ಕಥೆ ತುಸು ನೋವು ಕೊಡುವ ಕಥೆ. ಊರೆಲ್ಲ ಪುಂಡನೆಂದು ಜರೆಯುವ ಹುಡುಗನನ್ನು ಚಾಮಯ್ಯ ಮೇಷ್ಟ್ರು ಮಾತ್ರ ಮಗನಂತೆ ಪ್ರೀತಿಸುತ್ತಾರೆ. ರಾಮಾಚಾರಿ ಯಾರ ಮಾತಿಗೂ ಬಗ್ಗದವನು, ಅವರ ಮಾತಿಗೆ ಬಗ್ಗುತ್ತಾನೆ. ಊರಿನ ಕಟ್ಟುಪಾಡಿಗೆ ಅಂಜಿ, ಪ್ರೀತಿಸಿದ ಹುಡುಗಿಯನ್ನು ಬಿಟ್ಟುಬಿಡು ಎಂದು ಆ ಪ್ರೀತಿಯ ಗುರುವೇ ಹೇಳಿದಾಗ ಶಿಷ್ಯ ಒಪ್ಪುತ್ತಾನೆ. ಅಲ್ಲಿಂದ ಎಲ್ಲರ ಬಾಳೂ ಕೆಡುತ್ತ ಹೋಗುತ್ತದೆ. ಮಕ್ಕಳು ನಮ್ಮ ಮಾತು ಕೇಳುತ್ತಾರೆಂದರೆ ನಮ್ಮ ಮಾತಿನ ಹೊಣೆ ದೊಡ್ಡದು ಎಂಬುದನ್ನು ಗುರುಗಳೂ ಹೆತ್ತವರೂ ಈ ಕಥೆಯಿಂದ ಕಲಿಯಬಹುದು.

ಚಿತ್ರ ಅಪಾರ ಯಶಸ್ಸು ಪಡೆಯಿತು. ಆದರೆ ತ. ರಾ. ಸು. ಅವರಿಗೆ ಅದು ಮೆಚ್ಚುಗೆಯಾಗಲಿಲ್ಲ. ತಾವು ಬರೆದ ನಾಗರ ತೆರೆಯ ಮೇಲೆ ಕೇರೆಯಾಯಿತೆಂದು ಅವರು ಬೇಸರಪಟ್ಟರಂತೆ. ಯಾರು ಸರಿ? ಮೂರು ಪುಸ್ತಕಗಳ ಮಾತನ್ನು ಮೂರು ತಾಸಿಗೆ ಇಳಿಸುವಾಗ ಏನನ್ನಾದರೂ ಬಿಡಲೇಬೇಕು. ಬಿಟ್ಟದ್ದು ಬರೆದವನಿಗೆ ಪ್ರಾಣವಾಗಿರಬಹುದು. ಪುಸ್ತಕ ಓದಿ, ಚಿತ್ರ ನೋಡಿ, ಈ ಪ್ರಶ್ನೆಗೆ ನೀವೇ ಉತ್ತರ ಹುಡುಕಿರಿ. ಚಿತ್ರ ಮಾಡುವ ಆಸೆಯುಳ್ಳ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ನಮ್ಮ ಸೀಮೆಯ ಹಿರಿಯರಲ್ಲಿ ಹಲವರು ಟಾಕೀಸಿನಲ್ಲಿ ತೆಲುಗು ಚಿತ್ರಗಳನ್ನು ನೋಡಿ ಬೆಳೆದವರು. 1971ರ ಕಲ್ಯಾಣ ಮಂಟಪಂ, 1974ರ ಕೃಷ್ಣವೇಣಿ, ಅದೇ ವರ್ಷದ ಕೋಡೆನಾಗು ಅವರಿಗೆ ನೆನಪಿರಬಹುದು. ಅವು ಮೂರರ ಬೇರೂ ಕನ್ನಡದಲ್ಲಿದೆ. ಕಲ್ಯಾಣ ಮಂಟಪಂ ನಮ್ಮ ಗೆಜ್ಜೆಪೂಜೆ, ಕೃಷ್ಣವೇಣಿ ನಮ್ಮ ಶರಪಂಜರ, ಕೋಡೆನಾಗು ನಮ್ಮ ನಾಗರಹಾವು. ಪುಟ್ಟಣ್ಣನವರೇ ನಾಗರಹಾವನ್ನು 1974ರಲ್ಲಿ ಜಹರೀಲಾ ಇನ್ಸಾನ್ ಎಂಬ ಹೆಸರಿನಲ್ಲಿ ಹಿಂದಿಯಲ್ಲೂ ತೆಗೆದರು. ಕನ್ನಡ ಮಾಧ್ಯಮದಲ್ಲಿ ಓದಿ ಏನು ಉಪಯೋಗ ಎಂದು ನಮ್ಮ ಗಡಿನಾಡಿನಲ್ಲಿ ಎಷ್ಟೋ ಸಲ ಕೇಳುತ್ತಾರೆ. ಕನ್ನಡದಲ್ಲಿ ಅಚ್ಚಾದ ಕಾದಂಬರಿಗಳು ತೆಲುಗು ನಾಡನ್ನೇ ಅಳಿಸಿ ನಗಿಸಿದವೆಂಬುದನ್ನು ಅಂಥವರಿಗೆ ತಿಳಿಸಬೇಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ ನಿಲ್ದಾಣದಲ್ಲಿ ಉರ್ದು ಕೇಳುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಭಾಷೆಗಳು ಹೊರೆಯಲ್ಲ, ಬಂಡವಾಳ. ಐದು ಭಾಷೆಗಳಲ್ಲಿ ಚಿತ್ರ ಮಾಡಿದ ಪುಟ್ಟಣ್ಣನವರೇ ಇದಕ್ಕೆ ನಿದರ್ಶನ.

ಅವರ ಓದು ಒಬ್ಬಿಬ್ಬ ಲೇಖಕರಿಗೆ ನಿಲ್ಲಲಿಲ್ಲ. ಭಾರತೀಸುತರ ಎಡಕಲ್ಲು ಗುಡ್ಡದ ಮೇಲೆ 1973ರಲ್ಲಿ ಚಿತ್ರವಾಯಿತು. ವಾಣಿಯವರ ಶುಭಮಂಗಳ 1975ರಲ್ಲಿ. 1976ರ ಕಥಾಸಂಗಮದಲ್ಲಿ ಅವರು ಇನ್ನೊಂದು ಪ್ರಯೋಗ ಮಾಡಿದರು. ಗಿರಡ್ಡಿ ಗೋವಿಂದರಾಜ, ವೀಣಾ, ಈಶ್ವರಚಂದ್ರ ಈ ಮೂವರ ಮೂರು ಸಣ್ಣ ಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸಿದರು. ಆಗ ಚಿತ್ರರಂಗಕ್ಕೆ ಹೊಸಬರಾಗಿದ್ದ ರಜನೀಕಾಂತ್ ಅವರು ಕನ್ನಡದಲ್ಲಿ ಮೊದಲು ಕಾಣಿಸಿಕೊಂಡದ್ದು ಈ ಚಿತ್ರದಲ್ಲಿ. 1981ರ ರಂಗನಾಯಕಿಯಲ್ಲಿ ಅಶ್ವತ್ಥರ ಕಾದಂಬರಿಯ ಆಧಾರದಿಂದ ನಾಟಕ ಕಂಪನಿಯ ನಟಿಯೊಬ್ಬಳ ಬಾಳನ್ನು ಚಿತ್ರಿಸಿದರು. 1982ರ ಮಾನಸ ಸರೋವರದಲ್ಲಿ ಜಿ. ಎಸ್. ಶಿವರುದ್ರಪ್ಪನವರ ಕವಿತೆಗೆ ಜಾಗ ಕೊಟ್ಟರು. ಆರತಿ, ಶ್ರೀನಾಥ್ ಮೊದಲಾದವರು ಅವರ ಚಿತ್ರಗಳಲ್ಲಿ ಪಳಗಿ ದೊಡ್ಡವರಾದರು.

ಪುಟ್ಟಣ್ಣನವರು ತಪ್ಪಿಲ್ಲದ ದೇವರೇನೂ ಅಲ್ಲ. ಸೆಟ್ಟಿನಲ್ಲಿ ಅವರು ಬಲು ಕಟ್ಟುನಿಟ್ಟು, ಬೇಗ ಸಿಟ್ಟಾಗುವ ಸ್ವಭಾವ. ಅವರ ಎಲ್ಲ ಚಿತ್ರಗಳಿಗೂ ಹಣ ಬರಲಿಲ್ಲ. ಏರಿದ ಎತ್ತರದಿಂದ ಇಳಿದ ದಿನಗಳನ್ನೂ ಅವರು ಕಂಡರು. ಅವರ ಚಿತ್ರಗಳ ಹೆಣ್ಣು ಸಮಾಜವನ್ನು ಎದುರಿಸಿ ನಿಂತರೂ ಕೊನೆಗೆ ಸಾವನ್ನೋ ಹುಚ್ಚನ್ನೋ ಸೇರುವುದೇ ಹೆಚ್ಚು. ಗೆದ್ದು ಬಾಳಿದ ಹೆಣ್ಣನ್ನು ಇನ್ನಷ್ಟು ತೋರಿಸಬಹುದಿತ್ತಲ್ಲ ಎಂದು ಇಂದಿನ ವಿದ್ಯಾರ್ಥಿನಿಯರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೆಣ್ಣಿನ ಮನಸ್ಸಿನೊಳಗೆ ಏನಿದೆಯೆಂದು ಕನ್ನಡದ ತೆರೆಯ ಮೇಲೆ ಅಷ್ಟು ಆಸ್ಥೆಯಿಂದ ಕೇಳಿದವರು ಅವರು. ಹೆಣ್ಣುಮಕ್ಕಳು ಬರೆದ ಪುಸ್ತಕಗಳನ್ನು ಶ್ರದ್ಧೆಯಿಂದ ಓದಿದ್ದೇ ಅದಕ್ಕೆ ಕಾರಣ.

ಮಸಣದ ಹೂವು ಅವರ ಕೊನೆಯ ಚಿತ್ರ. ಅದು ಮುಗಿಯುವ ಮೊದಲೇ, 1985ರ ಜೂನ್ 5ರಂದು, ತಮ್ಮ 51ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಉಳಿದ ಭಾಗವನ್ನು ನಿರ್ದೇಶಕ ಕೆ. ಎಸ್. ಎಲ್. ಸ್ವಾಮಿಯವರು ಪೂರ್ಣಗೊಳಿಸಿದರು. ಆ ಚಿತ್ರದಲ್ಲಿ ಅಪರ್ಣಾ ಎಂಬ ಹುಡುಗಿ ಮೊದಲ ಸಲ ನಟಿಸಿದ್ದಳು. ಮುಂದೆ ಅವರು ಅಚ್ಚಗನ್ನಡದ ನಿರೂಪಣೆಗೆ ಹೆಸರಾದರು. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ನಿಲ್ದಾಣಗಳ ಹೆಸರು ಹೇಳುವ ಕನ್ನಡದ ದನಿ ಅವರದೇ ಆಯಿತು. 2024ರಲ್ಲಿ ಅವರೂ ತೀರಿಕೊಂಡರು. ನಟನೆಗೆ ಮುಖವಷ್ಟೇ ಸಾಲದು, ಸ್ಪಷ್ಟವಾದ ಉಚ್ಚಾರ ಬೇಕು ಎಂಬುದಕ್ಕೆ ಅವರ ಬಾಳು ನಿದರ್ಶನ. ಕರ್ನಾಟಕ ಸರ್ಕಾರ ಹಿರಿಯ ನಿರ್ದೇಶಕರಿಗೆ ಕೊಡುವ ಪ್ರಶಸ್ತಿಗೆ ಪುಟ್ಟಣ್ಣನವರ ಹೆಸರನ್ನೇ ಇಟ್ಟಿದೆ.

ನಟರಾಗಲು, ನಿರ್ದೇಶಕರಾಗಲು ಬಯಸುವ ಮಕ್ಕಳೇ, ಏನು ಓದಬೇಕೆಂದು ಕೇಳುವಿರಾದರೆ ಹೀಗೆ ಆರಂಭಿಸಿರಿ. ಮೊದಲು ಬೆಳ್ಳಿಮೋಡ, ಬಳಿಕ ನಾಗರಹಾವು. ಹತ್ತನೆಯ ತರಗತಿ ದಾಟಿದ ಮೇಲೆ ಗೆಜ್ಜೆಪೂಜೆ, ಶರಪಂಜರ. ಪುಸ್ತಕ ಮುಗಿಸಿದ ನಂತರವೇ ಚಿತ್ರ ನೋಡಿರಿ. ಯಾವ ಭಾಗ ಉಳಿಯಿತು, ಯಾವುದು ಬಿಟ್ಟುಹೋಯಿತು, ಏಕೆ ಎಂದು ನೋಟ್ ಪುಸ್ತಕದಲ್ಲಿ ಬರೆದಿಡಿರಿ. ನಾಟಕ ಕಂಪನಿಯ ಕಷ್ಟಸುಖ ತಿಳಿಯಲು ಗುಬ್ಬಿ ವೀರಣ್ಣನವರ ಆತ್ಮಕಥೆ ಕಲೆಯೇ ಕಾಯಕ ಓದಿರಿ. ಬಿ. ವಿ. ಕಾರಂತರ ಆತ್ಮಕಥೆ ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ ಎಂಬುದನ್ನು ವೈದೇಹಿಯವರು ಬರಹಕ್ಕಿಳಿಸಿದ್ದಾರೆ. ಅದೂ ಒಳ್ಳೆಯ ಪುಸ್ತಕ. ಇಂಗ್ಲಿಷ್ ಚೆನ್ನಾಗಿ ಬಂದ ಮೇಲೆ ರಷ್ಯದ ಸ್ತಾನಿಸ್ಲಾವ್‌ಸ್ಕಿಯವರ ಆ್ಯನ್ ಆ್ಯಕ್ಟರ್ ಪ್ರಿಪೇರ್ಸ್ ಪುಸ್ತಕ ಹಿಡಿಯಿರಿ. ನಟನೆ ಕಲಿಯುವ ವಿದ್ಯಾರ್ಥಿಯೊಬ್ಬನ ದಿನಚರಿಯಂತೆ ಅದನ್ನು ಬರೆದಿದ್ದಾರೆ. ಸತ್ಯಜಿತ್ ರಾಯ್ ಅವರ ಅವರ್ ಫಿಲ್ಮ್ಸ್ ದೇರ್ ಫಿಲ್ಮ್ಸ್ 1976ರಲ್ಲಿ ಬಂದ ಲೇಖನಗಳ ಸಂಗ್ರಹ. ರಾಯ್ ಅವರು ಪಥೇರ್ ಪಾಂಚಾಲಿ ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುತ್ತ ಆ ಕಥೆಗೆ ಮನಸೋತು, ಮುಂದೆ 1955ರಲ್ಲಿ ಅದನ್ನೇ ಜಗತ್ಪ್ರಸಿದ್ಧ ಚಿತ್ರವಾಗಿಸಿದವರು. ಬಂಗಾಳದಲ್ಲೂ ಕರ್ನಾಟಕದಲ್ಲೂ ದಾರಿ ಒಂದೇ ನೋಡಿರಿ.

ಓದಿದರೆ ಸಾಲದು, ಕೈಕೆಲಸವೂ ಬೇಕು. ನಿಮ್ಮ ಕನ್ನಡ ಪಠ್ಯದ ಒಂದು ಗದ್ಯಪಾಠವನ್ನು ತೆಗೆದುಕೊಂಡು ಆರು ದೃಶ್ಯಗಳಾಗಿ ಬರೆಯಿರಿ. ಪಾತ್ರ ಏನು ಯೋಚಿಸಿತೆಂದು ಬರೆಯಬೇಡಿರಿ. ಏನು ಮಾಡಿತೆಂದು ಬರೆಯಿರಿ. ನಟರಾಗುವವರು ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ, ಅಲ್ಪಪ್ರಾಣ ಮಹಾಪ್ರಾಣ ತಪ್ಪದಂತೆ ಓದಿರಿ. ಇದಕ್ಕೆ ಕಾಸಿನ ಖರ್ಚಿಲ್ಲ.

ತಂದೆತಾಯಿಗಳಲ್ಲಿ ಒಂದು ಅರಿಕೆ. ಮಗು ಸಿನಿಮಾ ಸೇರುವೆನೆಂದರೆ ಹೊಡೆಯಬೇಡಿರಿ, ನಗಬೇಡಿರಿ. ಯಾವ ಪುಸ್ತಕ ಓದಿದೆ ಎಂದು ಕೇಳಿರಿ. ನಟನೆಗೂ ನಿರ್ದೇಶನಕ್ಕೂ ಕಲಿಯುವ ಶಾಲೆಗಳಿವೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಕನ್ನಡದಲ್ಲೇ ರಂಗಶಿಕ್ಷಣ ಕೊಡುತ್ತಿದೆ. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ನಿರ್ದೇಶನ ಕಲಿಯಬೇಕಾದರೆ ಮೊದಲು ಪದವಿ ಪಡೆದಿರಬೇಕು. ಅಂದರೆ ಸಿನಿಮಾದ ದಾರಿಯೂ ಶಾಲೆಯ ಬಾಗಿಲಿನಿಂದಲೇ ಹಾದುಹೋಗುತ್ತದೆ. ಆಸೆ ಹುಸಿಯಾಗಿದ್ದರೆ ನಾಲ್ಕು ಪುಸ್ತಕಗಳಲ್ಲಿ ಕರಗಿಹೋದೀತು. ಆಗಲೂ ಮಗುವಿನ ಪಾಲಿಗೆ ನಾಲ್ಕು ಒಳ್ಳೆಯ ಪುಸ್ತಕ ಉಳಿದವು, ನಷ್ಟವೇನಿಲ್ಲ. ಆಸೆ ನಿಜವಾಗಿದ್ದರೆ ಅದೇ ಪುಸ್ತಕಗಳು ಬುತ್ತಿಯಾಗಿ ಜೊತೆಗೆ ಬರುತ್ತವೆ. ಕೋಶ ಓದು, ದೇಶ ಸುತ್ತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೋಶ ಮೊದಲು, ದೇಶ ಆಮೇಲೆ.